ಹನ್ನೊಂದು ಸಾಬೂನು

ತನ್ನ ಮೈಯಿಂದ ಏನೋ ವಾಸನೆ ಬರುತ್ತದೆ ಎಂಬ ಅನುಮಾನ ಅವಳಿಗೆ ಬಹಳ ದಿನದಿಂದ ಇತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವಂಥ ಮಾತೂ ಅಲ್ಲ. ದಿನಚರಿಯಲ್ಲಿ ಮಾತ್ರ ಬರೆದಿದ್ದಳು: 'ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ಕೊನೆಗೆ ತುಂಬುತ್ತದೆ. ದಿನಕ್ಕೆರಡು ಸಲ ಸ್ನಾನ ಮಾಡುತ್ತೇನೆ. ಆದರೂ ನಾನು ಒಳಗೆ ಬಂದರೆ ಯಾರಾದರೂ ಎದ್ದು ಕಿಟಕಿ ತೆಗೆಯುತ್ತಾರೆ. ಸೆಕೆಗೆ ಇರಬಹುದು. ಇಲ್ಲದಿರಲೂಬಹುದು.' ಬರೆದು ಪುಸ್ತಕವನ್ನು ಹಾಸಿಗೆಯಡಿಗೆ ತಳ್ಳಿದ್ದಳು.

ಪದವಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತವಳು. "ಮರಳು ಹಿಂಡಿ ಎಣ್ಣೆ ತೆಗೀಬಹುದು, ಇವಳ ಬಾಯಿಂದ ಮಾತು ತೆಗೆಯೋಕಾಗಲ್ಲ" ಎಂದು ಅಮ್ಮ ನೆಂಟರೆದುರು ನಗಾಡುತ್ತಿದ್ದಳು. ಅಂಥವಳಿಗೆ ಈ ಕೆಲಸ ಹೇಳಿ ಮಾಡಿಸಿದಂತೆ ಸಿಕ್ಕಿತ್ತು. ಊರಂಚಿನ ಪುಟ್ಟ ಪ್ರೌಢಶಾಲೆಗೆ ತಿಂಗಳಿಗೊಂದು ಪತ್ರ ಬರೆದು, ಅಚ್ಚು ಹಾಕಿಸಿ, ಮಕ್ಕಳ ಮನೆಗಳಿಗೆ ಕಳಿಸುವ ಕೆಲಸ. ಯಾರೊಂದಿಗೂ ಹೆಚ್ಚು ಮಾತಾಡಬೇಕಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಕೈಗೆಟುಕುವಷ್ಟು ಹತ್ತಿರ ಕಿಟಕಿ.

ಶಾಲೆಯಲ್ಲಿ ಇದ್ದದ್ದು ಅರವತ್ತೆರಡು ಮಕ್ಕಳು, ಏಳು ಕೋಣೆ. ಬಾಗಿಲ ಮೇಲೆ 'ನಾವೆಲ್ಲ ಒಂದೇ ಮನೆ' ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಮನೆ ಅಂದ ಮೇಲೆ ಸಂಬಂಧ ಬೇಡವೇ? ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಮ್ಮ ಅನ್ನಬೇಕು. ಮೇಷ್ಟ್ರುಗಳು ಅಣ್ಣಂದಿರು, ಟೀಚರುಗಳು ಅಕ್ಕಂದಿರು. ಗಂಟೆ ಹೊಡೆಯುವ ಮುದುಕ ಗಂಟೆ ಅಜ್ಜ. ಇವಳು ಪತ್ರದಕ್ಕ. ತಿಂಗಳ ಮೊದಲ ವಾರ ಕಿರುಪರೀಕ್ಷೆ, ಎರಡನೆಯ ವಾರ ಯಾವುದಾದರೂ ಕಾರ್ಖಾನೆಗೋ ಆಸ್ಪತ್ರೆಗೋ ಭೇಟಿ, ಮೂರನೆಯ ವಾರ ಕೈಕೆಲಸ. ಕೊನೆಯ ಶನಿವಾರ ಮನಸ್ಸಿನ ಗಂಟೆ. ಆ ಗಂಟೆಯೇ ಶಾಲೆಯ ಹೆಮ್ಮೆ. ಅದನ್ನು ನೋಡಲು ಬೇರೆ ಊರಿನ ಶಾಲೆಗಳಿಂದ ಜನ ಬರುತ್ತಿದ್ದರು.

ಮನಸ್ಸಿನ ಗಂಟೆ ಹೀಗೆ ನಡೆಯುತ್ತಿತ್ತು. ಜಗಲಿಯಲ್ಲೊಂದು ಮರದ ಪೆಟ್ಟಿಗೆ. ಯಾವ ಮಗುವಿಗೆ ಏನು ಸಂಕಟವಿದ್ದರೂ ಹೆಸರಿಲ್ಲದೆ ಚೀಟಿ ಬರೆದು ಅದರಲ್ಲಿ ಹಾಕಬೇಕು. ಅಕ್ಷರದಿಂದ ಗುರುತು ಸಿಗಬಾರದೆಂದು ಪತ್ರದಕ್ಕ ಅವನ್ನೆಲ್ಲ ತನ್ನ ಕೈಯಲ್ಲಿ ನಕಲು ಮಾಡಿ ಮೂಲವನ್ನು ಹರಿದು ಹಾಕಬೇಕು. ಶನಿವಾರ ಎಲ್ಲರೂ ಸುತ್ತ ಕೂತಾಗ ದೊಡ್ಡಮ್ಮ ಮೂರು ಚೀಟಿ ಓದುತ್ತಾರೆ. ಆಮೇಲೆ ಮುಂದಿನ ಇಡೀ ತಿಂಗಳು ಮಕ್ಕಳು ಆ ಸಂಕಟಕ್ಕೆ 'ಆಸರೆ' ಕೊಡಬೇಕು. ಯಾರು ಎಂಥ ಆಸರೆ ಕೊಟ್ಟರು ಎಂಬುದು ಪತ್ರದಲ್ಲಿ ಬರುತ್ತದೆ.

ಮಕ್ಕಳೇನು ದಡ್ಡರೇ? ಇವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ, ತೊದಲುವ ಹುಡುಗನೊಬ್ಬನ ಚೀಟಿಯ ಗುಟ್ಟು ಊಟದ ಗಂಟೆಯೊಳಗೆ ಬಯಲಾಯಿತು. ಇಡೀ ತಿಂಗಳು ಅವನು ಬಾಯಿ ತೆರೆದಾಗಲೆಲ್ಲ ಹತ್ತು ಜನ ಅವನ ಮಾತನ್ನು ಮುಗಿಸಿಕೊಟ್ಟು ಆಸರೆಯಾದರು. ಅವನು ಮಾತನ್ನೇ ಬಿಟ್ಟ. ಮರುತಿಂಗಳು ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಎರಡು ಚಾಕಲೇಟ್ ಕಾಗದ, ದೊಡ್ಡಮ್ಮನನ್ನು ಎಮ್ಮೆಯಂತೆ ಬಿಡಿಸಿದ ಒಂದು ಚಿತ್ರ.

ಪೆಟ್ಟಿಗೆ ಖಾಲಿ ಎಂದು ಹೇಳಲು ಅವಳು ದೊಡ್ಡಮ್ಮನ ಕೋಣೆಯ ಬಾಗಿಲವರೆಗೆ ಹೋಗಿದ್ದಳು. ಒಳಗಿಂದ ದೊಡ್ಡಮ್ಮ ತಲೆಯೆತ್ತಿ, "ಮೂರು ಚೀಟಿ ಸಿಕ್ತಾ ಕೂಸೇ? ನಾಳೆ ಆರು ಜನ ಅತಿಥಿಗಳಿದಾರೆ" ಅಂದರು. ಇವಳ ಬಾಯಿಂದ ಹೊರಟದ್ದು "ಹೂಂ". ಮೇಜಿಗೆ ಮರಳಿ ತಾನೇ ಮೂರು ಚೀಟಿ ಬರೆದಳು. ಒಂದರಲ್ಲಿ ಕತ್ತಲೆಯ ಭಯ, ಒಂದರಲ್ಲಿ ಲೆಕ್ಕದ ಭಯ, ಒಂದರಲ್ಲಿ ತಮ್ಮ ಪುಸ್ತಕ ಹರಿಯುತ್ತಾನೆಂಬ ದೂರು. ಅತಿಥಿಗಳು ಕಣ್ಣೊರೆಸಿಕೊಂಡರು.

ಗಂಟೆ ಅಜ್ಜನಿಗೆ ಮಾತ್ರ ಗೊತ್ತಿತ್ತು. ಪೆಟ್ಟಿಗೆಯ ಧೂಳು ಒರೆಸುವವನು ಅವನೇ. "ಅಲ್ಲಾಡಿಸಿದ್ರೆ ಸದ್ದೇ ಇಲ್ಲ ತಾಯಿ. ನಿಮ್ಮ ಪತ್ರದಲ್ಲಿ ನೋಡಿದ್ರೆ ಸಂತೆ ನೆರೆದಿದೆ" ಅಂದ. ಅವಳ ಮುಖ ಬಿಳಿಚಿದ್ದು ನೋಡಿ ಸೇರಿಸಿದ: "ನಾನು ಗಂಟೆ ಹೊಡೆಯೋನು. ಬೇರೆ ಸದ್ದು ಮಾಡೋ ಕೆಲ್ಸ ನಂದಲ್ಲ."

ನಾಲ್ಕನೆಯ ತಿಂಗಳ ಹೊತ್ತಿಗೆ ಅವಳ ಬಳಿ ಸಂಕಟಗಳೇ ಮುಗಿದುಹೋದವು. ಎರಡು ಚೀಟಿ ಹೇಗೋ ಆಯಿತು. ಮೂರನೆಯದಕ್ಕೆ ಪೆನ್ನು ಓಡಲಿಲ್ಲ. ಕೊನೆಗೆ ತನ್ನ ದಿನಚರಿಯದನ್ನೇ ಬರೆದಳು: 'ನನ್ನ ಮೈಯಿಂದ ವಾಸನೆ ಬರುತ್ತದೆಯೇನೋ ಎಂಬ ಭಯ. ನನ್ನ ಪಕ್ಕದ ಜಾಗ ಕೊನೆಗೆ ತುಂಬುತ್ತದೆ.' ಬರೆದಾಗ ಎದೆ ಸ್ವಲ್ಪ ಹಗುರಾಯಿತೆಂಬುದೂ ನಿಜ.

ಶನಿವಾರ ದೊಡ್ಡಮ್ಮ ಅದನ್ನು ಓದಿದಾಗ ಸುತ್ತ ಕೂತವರೆಲ್ಲ ಒಂದು ಕ್ಷಣ ಉಸಿರು ಬಿಗಿಹಿಡಿದರು. ಗಣಿತದ ಅಣ್ಣ ಮೆಲ್ಲಗೆ ತೋಳು ಮೂಸಿಕೊಂಡರು. ಇನ್ನಿಬ್ಬರು ಹುಡುಗರು ಅಂಗಿಯ ಕಾಲರು ಮೂಸಿಕೊಂಡರು. ಇದನ್ನೆಲ್ಲ ಅವಳು ಕಂಡಳು. ಆದರೆ ಮಕ್ಕಳು ಕಂಡದ್ದು ಒಬ್ಬಳನ್ನೇ. ಹತ್ತನೆಯ ತರಗತಿಯ ಕಡ್ಡಿ, ಬೆರಳನ್ನು ಮೂಗಿನ ಹತ್ತಿರ ಒಯ್ದು ಥಟ್ಟನೆ ಇಳಿಸಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಮಕ್ಕಳು ತೀರ್ಮಾನಿಸಿಬಿಟ್ಟರು.

ಕಡ್ಡಿ ಎಂಬುದು ಅವಳು ಸಣಕಲಾಗಿದ್ದಕ್ಕೆ ಬಿದ್ದ ಹೆಸರು. ಲೆಕ್ಕದಲ್ಲಿ ಇಡೀ ಶಾಲೆಗೇ ಮುಂದು. ಗಣಿತಕ್ಕೇ ಹೆಸರಾದ ವಸತಿ ಕಾಲೇಜಿಗೆ ಅವಳ ಅರ್ಜಿ ಸಿದ್ಧವಾಗಿತ್ತು. ದೊಡ್ಡಮ್ಮನ ಶಿಫಾರಸು ಪತ್ರವೊಂದು ಬಾಕಿ. ಅವಳ ತಾಯಿ ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದುಕೊಡುವವಳು. ಒಂದೇ ಕೋಣೆಯ ಮನೆ, ಗೋಡೆಗೊರಗಿಸಿದ ಚೀಲಗಳು, ಸಂಜೆ ತಾಯಿ ಮಗಳು ಎದುರುಬದುರು ಕೂತು ಸುಲಿಯುತ್ತಿದ್ದರು. ಸುಲಿಯುತ್ತಲೇ ಮಗಳು ಬಾಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು.

ಸೋಮವಾರ ಬೆಳಗ್ಗೆ ತರಗತಿಯ ಲೀಡರ್ ಹುಡುಗಿ ಕಡ್ಡಿಯ ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಸಾಬೂನು ಇಟ್ಟಳು.

"ಇದ್ಯಾಕೆ?" ಎಂದಳು ಕಡ್ಡಿ.

"ಆಸರೆ ಕಣೇ. ಗುಲಾಬಿ ವಾಸನೇದು. ನಮ್ಮತ್ತೆ ತಂದಿದ್ದು."

"ಆ ಚೀಟಿ ನಾನು ಬರೆದಿಲ್ಲ."

"ನಾಚ್ಕೋಬೇಡ್ವೇ. ನಾವಿಲ್ವಾ?"

ಬುಧವಾರದ ಹೊತ್ತಿಗೆ ಹನ್ನೊಂದು ಸಾಬೂನುಗಳಾದವು. ಒಬ್ಬ ಸಾಬೂನಿನ ಜೊತೆ ಬೇಲಿಗೆ ಬಣ್ಣ ಹೊಡೆಯುವ ಬ್ರಷ್ಷನ್ನೂ ಇಟ್ಟಿದ್ದ. ಕಡ್ಡಿ "ನಾನಲ್ಲ" ಎಂದಷ್ಟೂ ಇವರ ಪ್ರೀತಿ ಉಕ್ಕಿತು. ಪಕ್ಕ ಕೂರುವುದಕ್ಕೆ ಪಾಳಿ ಹಾಕಿಕೊಂಡರು. ದಿನಕ್ಕೊಬ್ಬರು, ಉಸಿರು ಬಿಗಿಹಿಡಿದು, ಆಸರೆಗಾಗಿ. ಪಾಳಿ ಮುಗಿಸಿದವರು ಹೊರಗೆ ಬಂದು ಮೂಗು ಒರೆಸಿಕೊಂಡು, "ನಂದಾಯ್ತಪ್ಪ, ನಾಳೆ ನಿಂದು" ಎನ್ನುತ್ತಿದ್ದರು. ಗ್ರಂಥಾಲಯದ ಕಿಟಕಿಯಿಂದ ಅದೆಲ್ಲ ಕೇಳಿಸುತ್ತಿತ್ತು.

ನಿಜ ಹೇಳಿದರೆ ಪತ್ರದಕ್ಕನಿಗೆ ಎರಡು ಕಾದಿದ್ದವು. ಒಂದು, ಕೆಲಸ ಹೋಗುವುದು. ಇನ್ನೊಂದು, ಆ ಭಯ ತನ್ನದೆಂದು ಅರವತ್ತೆರಡು ಮೂಗುಗಳಿಗೆ ತಿಳಿದುಬಿಡುವುದು. ಅವಳು ಎರಡನೆಯದಕ್ಕೇ ಹೆಚ್ಚು ಹೆದರಿದಳು. 'ನಾಳೆ ಹೇಳುತ್ತೇನೆ' ಎಂದು ದಿನಚರಿಯಲ್ಲಿ ಸಾಲಾಗಿ ಒಂಬತ್ತು ದಿನ ಬರೆದಳು. ಹತ್ತನೆಯ ದಿನ ಪತ್ರ ಬರೆಯಬೇಕಾಗಿ ಬಂತು. 'ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಳುಕಿಗೆ ಸಹಪಾಠಿಗಳು ಕೊಟ್ಟ ಹನ್ನೊಂದು ಸಾಬೂನುಗಳಲ್ಲಿ ಹನ್ನೊಂದು ಹೃದಯಗಳ ಪರಿಮಳವಿತ್ತು.' ಸಾಲು ಚೆನ್ನಾಗಿ ಬಂದಿದೆ ಎಂದು ದೊಡ್ಡಮ್ಮ ಅವಳ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡಾಗ ಖುಷಿಯಾಯಿತು. ಆ ಖುಷಿಯನ್ನು ಅವಳು ದಿನಚರಿಯಲ್ಲಿ ಬರೆಯಲಿಲ್ಲ.

ಪತ್ರ ಮನೆ ಮುಟ್ಟಿದ ಮೂರನೆಯ ದಿನ ಕಡ್ಡಿಯ ತಾಯಿ ಶಾಲೆಗೆ ಬಂದಳು. ಹೋಟೆಲಿನ ಗಲ್ಲಾದವನಿಂದ ಪತ್ರ ಓದಿಸಿಕೊಂಡಿದ್ದಳಂತೆ. ದೊಡ್ಡಮ್ಮನ ಕೋಣೆಯ ಹೊಸಿಲ ಹೊರಗೇ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಕೈಗಳು ತಿಕ್ಕಿ ತಿಕ್ಕಿ ಕೆಂಪಾಗಿದ್ದವು. ಕಡತ ಕೊಡಲು ಹೋಗಿದ್ದ ಪತ್ರದಕ್ಕ ಒಳಗೇ ಸಿಕ್ಕಿಕೊಂಡಳು.

"ಒಳಗೆ ಬನ್ನಿ ತಂಗೀ" ಎಂದರು ದೊಡ್ಡಮ್ಮ.

"ಇಲ್ಲೇ ಇರ್ತೀನಿ ಅಮ್ಮಾ. ನಾನು ಈ ಕೆಲ್ಸ ಬಿಟ್ಬಿಡ್ಬೇಕಾ? ಅದನ್ನ ಕೇಳೋಕೆ ಬಂದೆ."

"ಅಯ್ಯೋ, ಯಾರು ಹಾಗಂದವರು? ಯಾವ ಕೆಲಸವೂ ಕೀಳಲ್ಲ. ಕೈಗವಸು ಹಾಕ್ಕೊಳ್ಳಿ ಅಷ್ಟೇ." ದೊಡ್ಡಮ್ಮನ ದನಿ ಬೆಣ್ಣೆಯಂತಿತ್ತು. "ನಿಮ್ಮ ಮಗಳ ಕಷ್ಟ ಅದಲ್ಲ. ಅವಳು ಬರೆದದ್ದನ್ನ ಅವಳೇ ಒಪ್ಪಿಕೊಳ್ತಿಲ್ಲ. ಮನಸ್ಸು ಮುಚ್ಚಿಕೊಂಡ ಮಗೂಗೆ ಒಳ್ಳೇ ಮನಸ್ಸಿದೆ ಅಂತ ನಾನು ಹೇಗೆ ಶಿಫಾರಸು ಬರೀಲಿ? ಈ ಶನಿವಾರ ಎಲ್ಲರೆದುರು ಒಂದು ಮಾತು ಒಪ್ಪಿಕೊಳ್ಳಲಿ. ಅವತ್ತೇ ಕಾಲೇಜಿನ ಪತ್ರಕ್ಕೆ ಸಹಿ ಹಾಕ್ತೀನಿ. ನೀವೂ ಬನ್ನಿ."

ಹೊರಗೆ ಜಗಲಿಯಲ್ಲಿ ಆ ತಾಯಿ ಪತ್ರದಕ್ಕನನ್ನು ತಡೆದಳು. "ಚೀಟಿ ನೋಡೋರು ನೀವೇ ಅಂತಲ್ಲ ತಾಯೀ. ಅದು ನನ್ನ ಮಗಳ ಅಕ್ಷರಾನಾ?"

ಹೇಳು, ಎಂದಿತು ಮನಸ್ಸು. ಪತ್ರದಕ್ಕ ಜಗಲಿಯ ಪೆಟ್ಟಿಗೆಯತ್ತ ನೋಡಿದಳು. "ಎಲ್ಲಾ ಹರಿದು ಹಾಕಿಬಿಡ್ತೀವಿ. ಗೊತ್ತಾಗಲ್ಲ" ಅಂದಳು.

ತಾಯಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಹಾಗಾದ್ರೆ ಅವಳೇ ಬರ್ದಿರ್ಬೇಕು. ನನ್ನ ಹತ್ರ ಹೇಳೋಕಾಗಿಲ್ಲ, ಪಾಪ. ಸಂಜೆ ಹೊತ್ತು ನನ್ನ ಜೊತೆ ನಗ್ತಾನೇ ಸುಲೀತಿದ್ಳು ನೋಡಿ. ಒಳಗೆ ಇಷ್ಟು ಹೇಸಿಗೆ ಇತ್ತು ಅಂತ ನಂಗೆ ತಿಳೀಲಿಲ್ಲ." ಮೆಟ್ಟಿಲಿಳಿಯುತ್ತ ತಿರುಗಿ, "ಚೀಲ ಎಲ್ಲ ಹೊರಗಡೆ ಹಾಕಿದೀನಿ ಈಗ. ನಾನೂ ಹೊರಗೇ ಕೂತ್ಕೋತೀನಿ" ಎಂದಳು, ತಾನು ಮಾಡಿದ ಒಳ್ಳೆಯ ಕೆಲಸ ಒಪ್ಪಿಸುವಂತೆ.

ಶನಿವಾರ ಬಂತು. ಅತಿಥಿಗಳಿಗೆ ಕುರ್ಚಿ ಹಾಕಿದ್ದರು; ಕಡ್ಡಿಯ ತಾಯಿಗೂ ಒಂದು. ಆ ಕುರ್ಚಿಯ ಅಕ್ಕಪಕ್ಕದವು ಮಾತ್ರ ಖಾಲಿ ಉಳಿದವು. ಪತ್ರದಕ್ಕ ಟಿಪ್ಪಣಿ ಪುಸ್ತಕ ಹಿಡಿದು ದೊಡ್ಡಮ್ಮನ ಹಿಂದೆ ಮೂಲೆಯಲ್ಲಿ ನಿಂತಿದ್ದಳು.

ಕಡ್ಡಿ ಎದ್ದಳು. ಕಾಗದ ನೋಡಿ ಓದುವವಳಂತೆ ನೆಲ ನೋಡಿ ಹೇಳಿದಳು: "ಆ ಚೀಟಿ ಬರೆದದ್ದು ನಾನೇ."

ದೊಡ್ಡಮ್ಮ ಅವಳನ್ನು ಅಪ್ಪಿಕೊಂಡರು. "ನೋಡಿ, ಎಷ್ಟು ಹಗುರಾದಳು ನನ್ನ ಕೂಸು. ಈಗ ಪೂರ್ತಿ ಹೊರಗೆ ಹಾಕಿಬಿಡು ಮಗಳೇ. ಆ ವಾಸನೆ ಎಲ್ಲಿಂದ ಬರತ್ತೆ?"

ಕಡ್ಡಿ ತಲೆಯೆತ್ತಿ ನೋಡಿದಳು. ಇದು ಮೊದಲೇ ಮಾತಾಡಿಕೊಂಡದ್ದರಲ್ಲಿ ಇರಲಿಲ್ಲ. ಸಹಿಯಾಗದ ಪತ್ರ ದೊಡ್ಡಮ್ಮನ ಕೈಯಲ್ಲಿತ್ತು.

"ಹೇಳು, ಪರವಾಗಿಲ್ಲ. ಇದು ಮನೆ."

"ನಮ್ಮಮ್ಮನ ಕೈಯಿಂದ."

ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಲೀಡರ್ ಹುಡುಗಿಯ ಕಣ್ಣು ತುಂಬಿತ್ತು. ಅತಿಥಿಯೊಬ್ಬರು ಎದ್ದು ನಿಂತು ತಟ್ಟಿದರು. ಎಲ್ಲರೂ ತಟ್ಟುವುದನ್ನು ನೋಡಿ, ತಟ್ಟದಿದ್ದರೆ ಮಗಳಿಗೆ ತೊಂದರೆಯಾದೀತೆಂದೋ ಏನೋ, ಆ ತಾಯಿಯೂ ಮಡಿಲಲ್ಲಿ ಅಡಗಿಸಿಟ್ಟಿದ್ದ ಕೈಗಳನ್ನು ಹೊರತೆಗೆದು ತಟ್ಟತೊಡಗಿದಳು. ಮಗಳು ಅತ್ತ ತಿರುಗಲಿಲ್ಲ.

"ಆ ಚೀಟಿ ಬರೆದದ್ದು ನಾನು" ಎಂದಳು ಪತ್ರದಕ್ಕ.

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹತ್ತಿರವಿದ್ದ ದೊಡ್ಡಮ್ಮನಿಗೆ ಮಾತ್ರ ಕೇಳಿಸಿತು. ಅವರ ಮುಖ ಅರಳಿತು. ಕೈಯೆತ್ತಿ ಸದ್ದು ನಿಲ್ಲಿಸಿದರು. "ಕೇಳಿದಿರಾ? ನಮ್ಮ ಪತ್ರದಕ್ಕ, ಬಾಯೇ ತೆರೆಯದವಳು, ಆ ಚೀಟಿ ನಂದೂ ಹೌದು ಅಂತಿದಾಳೆ. ಆಸರೆ ಅಂದ್ರೆ ಇದು." ಮತ್ತೆ ಚಪ್ಪಾಳೆ ಶುರುವಾಯಿತು. ಲೀಡರ್ ಹುಡುಗಿ, "ನಂದೂ" ಎಂದು ಕೂಗಿದಳು. "ನಂದೂ, ನಂದೂ" ಎಂದು ಸುತ್ತೆಲ್ಲ ಕೂಗು ಎದ್ದಿತು.

ಇಲ್ಲಿಗೆ ಸುಮ್ಮನಾಗಿಬಿಡಬಹುದಿತ್ತು. ಕೆಲಸ ಉಳಿಯುತ್ತಿತ್ತು, ಹೆಸರೂ ಬರುತ್ತಿತ್ತು, ಹೇಳಿದೆ ಎಂಬ ಸಮಾಧಾನವೂ ಇರುತ್ತಿತ್ತು. ದೊಡ್ಡಮ್ಮ ಪೆನ್ನಿನ ಮುಚ್ಚಳ ತೆಗೆದು ಶಿಫಾರಸಿಗೆ ಸಹಿ ಹಾಕಿ ಕಡ್ಡಿಯ ಕೈಗಿಟ್ಟರು. ಕಡ್ಡಿ ಅದನ್ನು ಓದದೆ ನಾಲ್ಕು ಮಡಿಕೆ ಮಡಿಸಿದಳು.

ಪತ್ರದಕ್ಕ ಸುತ್ತನ್ನು ದಾಟಿ, ಖಾಲಿ ಕುರ್ಚಿಗಳ ನಡುವೆ ಕೂತಿದ್ದ ಆ ತಾಯಿಯ ಎದುರು ಹೋಗಿ ನಿಂತಳು. ತನ್ನ ಉಸಿರು ಆಕೆಯ ಮುಖಕ್ಕೆ ತಾಕುವಷ್ಟು ಹತ್ತಿರ. ಕೂಗು ತಾನಾಗಿ ಇಳಿಯಿತು.

"ನಿಮ್ಮ ಮಗಳು ಬರೆದಿಲ್ಲ ಅಮ್ಮಾ" ಎಂದಳು. "ಪೆಟ್ಟಿಗೇಲಿ ಒಂದು ಚೀಟೀನೂ ಇರಲಿಲ್ಲ. ಮೂರು ತಿಂಗಳಿಂದ ಎಲ್ಲಾ ನಾನೇ ಬರ್ಕೊಂಡಿದ್ದು. ಅವತ್ತು ನೀವು ಕೇಳಿದಾಗ ನಂಗೆ ಗೊತ್ತಿತ್ತು."