ಎರಡು ತಟ್ಟೆ ಕಪ್ಪೆಚಿಪ್ಪು

ಸೀಸನ್ ಎಂಬ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. 2009ರಲ್ಲಿ ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ಎಲ್ಲದಕ್ಕೂ ಅದೇ ನೆಪ. ನನ್ನ ಗಂಡ ಪ್ರಕಾಶನನ್ನು ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯ ಕೆಲಸದಿಂದ ತೆಗೆದಾಗಲೂ "ಸೀಸನ್ ಸರಿಯಿಲ್ಲ" ಎಂದರು.

ನನ್ನದು ನೀರು ಪರೀಕ್ಷಿಸುವ ಕಂಪನಿಯಲ್ಲಿ ಕೆಲಸ. ಮಾಲೀಕರು ಮೈಸೂರಿನ ದ್ವಾರಕಾನಾಥ ಅಂಕಲ್. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರು ನನ್ನದು, ಮೊಸರು ಅವರದು. ನಮ್ಮ ಕ್ಲೈಂಟ್ ಆಗಿದ್ದ ಲೋಹದ ಕಾರ್ಖಾನೆಯೊಂದರ ಚರಂಡಿ ಸರೋವರ ಸೇರುವಲ್ಲಿ ಒಂದು ಬುಟ್ಟಿ, ಎರಡು ಮೈಲಿ ಆಚೆ ಶುದ್ಧ ನೀರಿನಲ್ಲಿ ಇನ್ನೊಂದು ಬುಟ್ಟಿ ಇಳಿಬಿಟ್ಟು ಕಪ್ಪೆಚಿಪ್ಪು ಸಾಕುತ್ತಿದ್ದೆ. ನೀರಿನಿಂದ ತೆಗೆದು ತಟ್ಟೆಯಲ್ಲಿ ಹರವಿದರೆ ಗಟ್ಟಿಮುಟ್ಟಾದವು ದಿನಗಟ್ಟಲೆ ಬಾಯಿ ಬಿಗಿದಿರುತ್ತವೆ. ವಿಷ ಕುಡಿದವು ಬೇಗ ಬಾಯಿ ಬಿಟ್ಟು ಸಾಯುತ್ತವೆ.

ಅಂಕಲ್ ಪರೀಕ್ಷೆ ಮಾಡಿಸಿದ್ದು ಬೇಕೆಂದೇ ಜೂನ್‌ನಲ್ಲಿ. ಆಗತಾನೇ ಮೊಟ್ಟೆ ಬಿಟ್ಟ ಚಿಪ್ಪುಗಳು ಯಾವ ನೀರಿನಲ್ಲಿದ್ದರೂ ಬಾಣಂತಿಯರ ಹಾಗೆ ಸೊರಗಿರುತ್ತವೆ. ಎರಡೂ ತಟ್ಟೆಯವು ಬೇಗ ಬಾಯಿ ಬಿಟ್ಟವು. "ವ್ಯತ್ಯಾಸವಿಲ್ಲ, ಇದು ಸೀಸನ್ನಿನ ಸುಸ್ತು" ಎಂದು ಅಂಕಲ್ ಬರೆದದ್ದೇ ತಡ, ಕಾರ್ಖಾನೆಯವರು ದಂಡೆಯಲ್ಲಿ 'ಇಲ್ಲಿ ಮೀನು ಹಿಡಿಯಬಹುದು' ಎಂಬ ಬೋರ್ಡು ನೆಟ್ಟರು. ಬುಟ್ಟಿಗಳಲ್ಲಿ ಉಳಿದ ಚಿಪ್ಪುಗಳು ಚೇತರಿಸಿಕೊಂಡ ಮೇಲೆ, ಅಕ್ಟೋಬರ್‌ನಲ್ಲಿ, ಇನ್ನೊಮ್ಮೆ ನೋಡೋಣವೆಂದೆ.

"ಕ್ಲೈಂಟ್ ಬಜೆಟ್ ಕಟ್ ಮಾಡಿದಾರಮ್ಮ" ಎಂದರು ಅಂಕಲ್.

ನಾನು ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಎರಡೂ ಬುಟ್ಟಿ ಎತ್ತಿ ತಂದು ನಮ್ಮ ಗರಾಜಿನಲ್ಲಿ ಹರವಿದೆ. ಮುಂದಿನ ಭಾನುವಾರ ಅಂಕಲ್ ವರ್ಷದ ವರದಿಗೆ ನನ್ನ ಸಹಿ ಹಾಕಿಸಿಕೊಳ್ಳಲು ಮನೆಗೆ ಬಂದಾಗ ನೇರ ಅಲ್ಲಿಗೇ ಕರೆದೊಯ್ದೆ. ಶುದ್ಧ ನೀರಿನ ತಟ್ಟೆಯ ಚಿಪ್ಪುಗಳು ಬಿಗಿಯಾಗಿ ಮುಚ್ಚಿದ್ದವು. ಚರಂಡಿಯ ತಟ್ಟೆಯವು ಬಾಯಿ ತೆರೆದು ನಾರುತ್ತಿದ್ದವು.

ಅವರು ಕರ್ಚೀಫು ಮೂಗಿಗೆ ಒತ್ತಿಕೊಂಡರು. "ಸೀಸನ್ ಕಣಮ್ಮ ಇದು."

"ಎರಡು ತಟ್ಟೆಗೂ ಒಂದೇ ಸೀಸನ್ ತಾನೇ ಅಂಕಲ್?"

"ಪ್ರಕಾಶಂಗೆ ಕೆಲಸ ಇಲ್ಲ. ನಿನ್ನ ವೀಸಾ ನನ್ನ ಕಂಪನಿದು. ಸುಮ್ನೆ ಸೈನ್ ಮಾಡು."

"ಮಾಡಲ್ಲ. ನೀವಿನ್ನು ಹೊರಡಿ."

ಅವರು ಹೋದ ಮೇಲೆ ಪ್ರಕಾಶ್ ಕಾರಿನ ಕೀ ತೆಗೆದುಕೊಂಡ. ತಟ್ಟೆಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ದಂಡೆಗೆ ಹೋದೆವು.

ಕೆಲಸ ಕಳೆದುಕೊಂಡವರು ಚರಂಡಿಯ ಬಾಯಲ್ಲೇ ಸಾಲಾಗಿ ಕೂತು ರಾತ್ರಿಯ ಊಟಕ್ಕೆ ಗಾಳ ಹಾಕಿದ್ದರು. ಅವರಲ್ಲೊಬ್ಬ ಪ್ರಕಾಶನ ಜೊತೆ ಕೆಲಸ ಮಾಡಿದವನು. ತಟ್ಟೆಗಳನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ.

ಅವನು ತನ್ನ ಬಕೆಟ್ಟಿನ ಮೀನು ನೋಡಿದ. ಆಮೇಲೆ ಬೋರ್ಡು ನೋಡಿದ.

"ಅದನ್ನ ನೆಡೋವರೆಗೂ ನಾವ್ಯಾರೂ ಇಲ್ಲಿ ಮೀನು ಹಿಡೀತಾ ಇರ್ಲಿಲ್ಲ" ಎಂದ.