ಆಮೇಲೆ ಮಾಮ

ಯಾವ ಕೋಣೆಗೆ ಕಾಲಿಟ್ಟರೂ ಆತ ಬಾಗಿಲಿಗೆ ತೀರ ಸಮೀಪದ ಕುರ್ಚಿಯನ್ನೇ ಹುಡುಕಿ, ಅದರ ಅಂಚಿನಲ್ಲಿ, ಅತ್ತ ಕೂತಂತೆಯೂ ಅಲ್ಲ ಇತ್ತ ನಿಂತಂತೆಯೂ ಅಲ್ಲ ಎನ್ನುವ ತ್ರಿಶಂಕು ಭಂಗಿಯಲ್ಲಿ, ಚೀಲವನ್ನು ತೊಡೆಯ ಮೇಲೆ ಅವಚಿಕೊಂಡು ಕೂರುತ್ತಾನೆ. ಮಕ್ಕಳಿಗಾಗಿ ಹದಿನಾಲ್ಕು ಪುಸ್ತಕ ಬರೆದ ಈ ಮಹಾಶಯನನ್ನು ಯಾವುದಾದರೂ ಶಾಲೆಯವರು ಕರೆಸಿ ವೇದಿಕೆಯ ನಡುವಿನ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದರೆ, ಮುಖ್ಯೋಪಾಧ್ಯಾಯರ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಆ ಕುರ್ಚಿ ಅದು ಹೇಗೋ ಒಂದು ಗಜ ಬಾಗಿಲ ಕಡೆಗೆ ಸರಿದಿರುತ್ತದೆ. ಬೆಂಕಿ ಬಿದ್ದರೆ, ಚಾವಣಿ ಕುಸಿದರೆ, ಯಾರಾದರೂ ಎದ್ದು ಕಷ್ಟದ ಪ್ರಶ್ನೆ ಕೇಳಿದರೆ ಎಂಬ ಮೂರು ಭಯಗಳಲ್ಲಿ ಮೂರನೆಯದೇ ದೊಡ್ಡದು ಎಂದು ಆತನೇ ಒಪ್ಪಿಕೊಳ್ಳುತ್ತಾನೆ.

ನಡಿಗೆಯೂ ಹಾಗೆಯೇ. ನೆಲ ಗಟ್ಟಿಯಿದೆಯೋ ಇಲ್ಲವೋ ಎಂದು ಮೊದಲು ಹೆಬ್ಬೆರಳಿನಿಂದ ವಿಚಾರಿಸಿ ಆಮೇಲೆ ಹಿಮ್ಮಡಿಯೂರುವ ನಡಿಗೆ. ಮೈಮೇಲೆ ಎಲ್ಲ ಕಾಲಕ್ಕೂ ಒಂದೇ ಕಂದು ಸ್ವೆಟರು; ಅದರ ಎಡಜೇಬು ಜೋತುಬಿದ್ದು ಬಲಜೇಬಿಗಿಂತ ನಾಲ್ಕು ಬೆರಳು ಕೆಳಗಿದೆ. ರಸ್ತೆ ದಾಟಬೇಕಾದರೆ ಇನ್ನೊಬ್ಬರು ದಾಟುವವರೆಗೂ ಕಾದು, ಅವರ ಪಕ್ಕಕ್ಕೆ ಅಂಟಿಕೊಂಡು, ಅವರಿಗೇ ತಿಳಿಯದಂತೆ ಅವರ ಬಂಧುವಾಗಿ ದಾಟಿಬಿಡುತ್ತಾನೆ.

ಆತನನ್ನು ಸಾಕಿದವಳು ಅಕ್ಕ. ಹತ್ತು ವರ್ಷ ದೊಡ್ಡವಳು, ಬಾಯಿ ಜೋರು, ಕೈ ಮೃದು. ತಮ್ಮನನ್ನು ಮಲಗಿಸಲೆಂದು ಅವಳು ಕತೆ ಶುರುಮಾಡಿ, ರಾಜಕುಮಾರನನ್ನು ಕುದುರೆ ಹತ್ತಿಸುವಷ್ಟರಲ್ಲೇ ಹಾಸಿಗೆಯಿಂದ ಪ್ರಶ್ನೆಗಳು ಏಳುತ್ತಿದ್ದವು: ಸೇತುವೆ ಮುರಿದರೆ? ಕುದುರೆಗೆ ಜ್ವರ ಬಂದರೆ? ಅವನ ಅಕ್ಕನಿಗೆ ಹೇಳಿ ಹೊರಟಿದ್ದಾನಾ? ಅವಳು ತಾಳ್ಮೆಗೆಟ್ಟು, “ನಿಂಗೆ ಕತೆ ಹೇಳೋದೂ ಒಂದೇ, ಪೊಲೀಸ್ ಸ್ಟೇಷನ್‌ನಲ್ಲಿ ಹೇಳಿಕೆ ಕೊಡೋದೂ ಒಂದೇ ಕಣೋ” ಎಂದು ದೀಪ ಆರಿಸಿಬಿಡುತ್ತಿದ್ದಳು. ಹೀಗೆ ಆತನ ಬಾಲ್ಯದ ಕತೆಗಳೆಲ್ಲ ಸೇತುವೆಯ ಈಚೆಗೇ ನಿಂತುಹೋದವು.

ದೊಡ್ಡವನಾದ ಮೇಲೆ ಅಕ್ಕ ಆತನನ್ನು ಒಂದು ಗಾಜಿನ ಅಂಗಡಿಗೆ ಸೇರಿಸಿದಳು. ಒಂಬತ್ತು ದಿನ ಉಳಿದ. ಏನನ್ನೂ ಒಡೆಯಲಿಲ್ಲ, ಒಡೆದೀತೆಂಬ ಹೆದರಿಕೆಯಲ್ಲಿ ಏನನ್ನೂ ಮುಟ್ಟಲೂ ಇಲ್ಲ. ಕೊನೆಗೆ ಅವಳ ಪರಿಚಯದ ಒಬ್ಬ ದಂತವೈದ್ಯೆಯ ಆಸ್ಪತ್ರೆಯಲ್ಲಿ, ಎರಡನೇ ಮಹಡಿಯ ಕಾಯುವ ಕೋಣೆಯಲ್ಲಿ, ಬಂದವರಿಗೆ ಸಂಖ್ಯೆ ಬರೆದ ಬಿಲ್ಲೆ ಕೊಟ್ಟು ಕೂರಿಸುವ ಕೆಲಸ ಸಿಕ್ಕಿತು. ಮೇಜು ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಆತ ಒಪ್ಪಿಕೊಂಡ. ಆ ಬಿಲ್ಲೆಗಳ ಭಾರಕ್ಕೇ ಸ್ವೆಟರಿನ ಎಡಜೇಬು ಜೋತುಬಿದ್ದದ್ದು.

ಆ ಕೋಣೆಯಲ್ಲಿ ಎಂಟು ಜನ ಕೂರಬಹುದಾದ ಒಂದು ಬೆಂಚು, ಗೋಡೆಯ ಮೇಲೆ ತೆರೆದ ಬಾಯಿಯ ಒಂದು ದೊಡ್ಡ ಚಿತ್ರಪಟ, ಮತ್ತು ಒಳಕೋಣೆಯ ಬಾಗಿಲನ್ನು ಎಷ್ಟು ಬಿಗಿಯಾಗಿ ಹಾಕಿದರೂ ತೂರಿ ಬರುತ್ತಿದ್ದ ಹಲ್ಲು ಕೊರೆಯುವ ಯಂತ್ರದ ಸದ್ದು. ಆ ಸದ್ದಿಗೆ ಮಕ್ಕಳು ಅಳುತ್ತಿದ್ದರು. ಸದ್ದನ್ನು ಮುಚ್ಚಲೆಂದು ಈತ ಜೋರಾಗಿ ಮಾತಾಡತೊಡಗಿದ, ಮಾತು ಕತೆಯಾಯಿತು. ಮುಂದಿನವರನ್ನು ಕರೆಯುವ ಒಳಗಿನ ಗಂಟೆ ಹೊಡೆದಾಗ ಕತೆ ಸಹಜವಾಗಿಯೇ ಅರ್ಧಕ್ಕೆ ನಿಲ್ಲುತ್ತಿತ್ತು. “ಆಮೇಲೆ?” ಎಂದು ಮಗು ಕೇಳಿದರೆ, “ಆಮೇಲೆ ಆಮೇಲೆ. ನೀನು ಹೊರಗೆ ಬಂದ್ಮೇಲೆ.” ಮಿಕ್ಕ ಕತೆಯ ಆಸೆಗೆ ಮಗು ಒಳಗೆ ಹೋಗಿ, ಬಾಯಿ ತೆರೆದು, ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಬಂದು ಬೆಂಚಿನ ಮೇಲೆ ಹತ್ತಿ ಕೂರುತ್ತಿತ್ತು. ಆಮೇಲೆ ಮಾಮ ಎಂಬ ಹೆಸರು ಬಿದ್ದದ್ದು ಹಾಗೆ.

ದಂತವೈದ್ಯೆ ಇದನ್ನು ಗಮನಿಸಿ ಒಂದೇ ಒಂದು ನಿಯಮ ಹಾಕಿದಳು: “ಏನ್ ಬೇಕಾದ್ರೂ ಹೇಳಯ್ಯಾ, ಆದ್ರೆ ಗಂಟೆ ಹೊಡೆಯೋ ಮುಂಚೆ ಮಾತ್ರ ಮುಗಿಸಬೇಡ.” ಹೇಳಿದಷ್ಟು ಸುಲಭದ ಕೆಲಸವಾಗಿರಲಿಲ್ಲ ಅದು. ಒಳಗಿರುವವರದು ಬರೀ ತಪಾಸಣೆಯೋ, ಹಲ್ಲು ಕೀಳುವುದೋ ಎಂಬುದನ್ನು ಯಂತ್ರದ ಸದ್ದಿನಲ್ಲೇ ಅಂದಾಜು ಮಾಡಿ, ಹೊರಗೆ ಕತೆಯ ಮೊಲವನ್ನು ಅದೇ ಹೊತ್ತಿಗೆ ಸರಿಯಾಗಿ ಬಾವಿಯ ಅಂಚಿಗೆ ತರಬೇಕು. ಗಂಟೆ ತಡವಾದರೆ ಮೊಲವನ್ನು ಇನ್ನೊಂದು ಸುತ್ತು ಓಡಿಸಬೇಕು. ಹನ್ನೊಂದು ವರ್ಷ ಆತ ಹೀಗೆ ಓಡಿಸಿದ. ಪ್ರತಿದಿನ ಬೆಳಗ್ಗೆ ಮೆಟ್ಟಿಲು ಹತ್ತುವಾಗಲೂ, ಇವತ್ತು ಕತೆ ಹೊಳೆಯದಿದ್ದರೆ ಏನು ಗತಿ ಎಂದು ನಡುವೆ ಒಮ್ಮೆ ನಿಲ್ಲುತ್ತಿದ್ದ.

ಹನ್ನೆರಡನೇ ವರ್ಷದ ಒಂದು ಮಂಗಳವಾರ ಎರಡು ಜಡೆಯ ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು, ಮೈ ಕಾವೇರಿತ್ತು. ದಂತವೈದ್ಯೆ ನೋಡಿ, ಒಳಗೆ ಕೀವು ತುಂಬಿದೆ, ಇವತ್ತೇ ತೆಗೆಯಬೇಕು, ನಾಳೆಗೆ ಬಿಟ್ಟರೆ ಅಪಾಯ ಎಂದಿದ್ದಳು. ತಾಯಿ ರಜೆ ಹೇಳದೆ ಓಡಿಬಂದವಳು. “ಎದುರಿಗೇ ನನ್ನ ಆಫೀಸು, ಒಂದು ಕಾಗದ ಕೊಟ್ಟು ಬಂದ್ಬಿಡ್ತೀನಿ. ಸ್ವಲ್ಪ ನೋಡ್ಕೊಂಡಿರಿ ಅಣ್ಣಾ” ಎಂದು ಮಗಳನ್ನು ಈತನ ಸುಪರ್ದಿಗೆ ಬಿಟ್ಟು ಇಳಿದುಹೋದಳು.

ಈತ ಕತೆ ತೆಗೆದ. ಹಡಗೊಂದರ ಹೊಗೆಕೊಳವೆಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ಮೊಟ್ಟೆ ಇಟ್ಟಿದೆ, ನಾಳೆ ಹಡಗು ಹೊರಡುತ್ತದೆ, ಕೊಳವೆಯಲ್ಲಿ ಹೊಗೆ ಏಳುತ್ತದೆ. ಅಲ್ಲಿಗೆ ಗಂಟೆ ಹೊಡೆಯಬೇಕಿತ್ತು. ಒಳಗೆ ಯಾರದೋ ಹಲ್ಲಿಗೆ ತೊಡಿಸುವ ಟೋಪಿ ಸರಿಯಾಗಿ ಕೂರದೆ ಎಡವಟ್ಟಾಗಿತ್ತು. ಈತ ಹಡಗಿನ ಯಜಮಾನನ ಕನ್ನಡಕ ಕಳೆದುಹಾಕಿದ, ಸಿಕ್ಕಿತು. ಮಂಜು ಕವಿಸಿದ, ಕರಗಿತು. ಅಡುಗೆಭಟ್ಟನಿಗೆ ಹೊಟ್ಟೆನೋವು ತರಿಸಿದ, ವಾಸಿಯಾಯಿತು. ನಲವತ್ತು ನಿಮಿಷವಾದರೂ ಗಂಟೆಯ ಸುಳಿವಿಲ್ಲ. ಹುಡುಗಿ ಒಂದೇ ಕಣ್ಣಿನಲ್ಲಿ ದಿಟ್ಟಿಸುತ್ತ “ಆಮೇಲೆ? ಆಮೇಲೆ?” ಎನ್ನುತ್ತಿದ್ದಳು. ತಲೆ ಖಾಲಿಯಾಗಿ, ನಾಲಿಗೆ ಒಣಗಿ, ತನಗೇ ಅರಿವಿಲ್ಲದೆ ಈತ ಅಂದುಬಿಟ್ಟ: “ಮರಿಗಳು ಹೊರಗೆ ಬಂದವು, ಹಾರಿಹೋದವು. ಅಲ್ಲಿಗೆ ಕತೆ ಮುಗೀತು.”

ನೀರು ಕುಡಿಯಲು ಮೂಲೆಗೆ ಹೋಗಿ ತಿರುಗಿದರೆ ಬೆಂಚು ಖಾಲಿ.

ಜೀವಮಾನವಿಡೀ ಆತ ಹೆದರಿದ್ದ ಅನಾಹುತಗಳಲ್ಲಿ ಇದೊಂದು ಇರಲಿಲ್ಲ. ಬಚ್ಚಲುಮನೆ ನೋಡಿದ, ಬೆಂಚಿನ ಕೆಳಗೆ ನೋಡಿದ, ಹುಡುಗಿಯ ಹೆಸರು ಕೇಳಿಕೊಂಡಿರಲಿಲ್ಲವಾದ್ದರಿಂದ “ಮರೀ, ಮರೀ” ಎಂದು ಕೂಗುತ್ತ ಮೆಟ್ಟಿಲಿಳಿದ. ಜ್ವರದ ಮಗು, ಒಂದು ಕಣ್ಣು ಮುಚ್ಚಿದೆ, ಕೆಳಗೆ ಲಾರಿ ಬಸ್ಸು ಹರಿಯುವ ರಸ್ತೆ. ಯಾರ ಪಕ್ಕಕ್ಕೂ ಅಂಟಿಕೊಳ್ಳದೆ, ಅತ್ತಿತ್ತ ನೋಡದೆ ಆತ ದಾಟಿದ, ಚಾಲಕನೊಬ್ಬ ಬ್ರೇಕು ಒತ್ತಿ, “ಮನೇಲಿ ಹೇಳಿ ಬಂದಿದೀಯೇನೋ?” ಎಂದು ಬೈದದ್ದು ಕಿವಿಗೆ ಬೀಳಲಿಲ್ಲ. ಔಷಧಿ ಅಂಗಡಿ, ದರ್ಜಿಯ ಅಂಗಡಿ, ಕಾಗದದ ಅಂಗಡಿ. ಎಲ್ಲ ಕಡೆ ಇಲ್ಲ, ಇಲ್ಲ, ನೋಡಿಲ್ಲ. ಆ ತಾಯಿಗೆ ಏನು ಹೇಳಲಿ, ಅಕ್ಕನಿಗೆ ಹೇಗೆ ಮುಖ ತೋರಿಸಲಿ ಎಂದು ಆತ ದಾರಿಯಲ್ಲೇ ಅತ್ತ.

ಹುಡುಗಿ ಬಸ್ಸು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು.

“ಯಾಕೆ ಬಂದ್ಬಿಟ್ಟೆ ಪುಟ್ಟಿ?”

“ಕತೆ ಮುಗೀತಲ್ಲ. ಮನೆಗೆ ಹೊರಟೆ.”

ಮುಗಿದಿಲ್ಲ, ಇನ್ನೂ ಇದೆ ಎಂದರೆ ಅವಳು ನಂಬಲಿಲ್ಲ. “ಸುಳ್ಳು. ಮುಗೀತು ಅಂದ್ರಿ. ಅಲ್ಲಿ ನೋವಾಗುತ್ತೆ. ನಿಮಗೇನು, ನೀವು ಹೊರಗೆ ಕೂತಿರ್ತೀರ.”

ಆಗ ಆತ ಯಾರಿಗೂ ಹೇಳದಿದ್ದುದನ್ನು ಆ ಹುಡುಗಿಗೆ ಹೇಳಿದ: ತನ್ನ ಬಾಯಲ್ಲೂ ಒಂದು ಹಾಳಾದ ದವಡೆಹಲ್ಲಿದೆ, ಹನ್ನೊಂದು ವರ್ಷದಿಂದ ಒಂದೇ ಕಡೆ ಅಗಿಯುತ್ತಿದ್ದೇನೆ, ಆ ಕುರ್ಚಿಯಲ್ಲಿ ಕೂರಲು ತನಗೂ ಪ್ರಾಣಭಯ. ಹುಡುಗಿ ಬಾಯಿ ತೆರೆಸಿ ನೋಡಿ ಖಾತ್ರಿ ಮಾಡಿಕೊಂಡಳು. “ಹಾಗಾದ್ರೆ ಮೊದಲು ನೀವು. ನಾನು ಹೊರಗೆ ಕೂತಿರ್ತೀನಿ.”

ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಷ್ಟರಲ್ಲಿ ಬಂದಿದ್ದ ತಾಯಿ ಮಗಳನ್ನು ಅಪ್ಪಿಕೊಂಡು ಬೈದಳು, ಬೈದು ಅತ್ತಳು. ದಂತವೈದ್ಯೆ ವಿಷಯ ಕೇಳಿ, “ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ, ನಾನೇನು ಕುರುಡಿ ಅಂದ್ಕೊಂಡ್ಯಾ? ಹತ್ತು ನಿಮಿಷದ ಕೆಲಸ, ಬಾ” ಎಂದು ಒಳಗೆ ಹೋದಳು. ಆತ ಬೆಂಚಿನಲ್ಲಿ ಹೊರಬಾಗಿಲ ಕಡೆಯ ತುದಿ ಹಿಡಿದು ಕೂತ. ಹುಡುಗಿ ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಆರಂಭಿಸಿದಳು: “ಒಂದು ಕುದುರೆ ಇತ್ತು. ಅದಕ್ಕೆ ಮೆಟ್ಟಿಲು ಅಂದ್ರೆ ಭಯ. ಆದ್ರೂ ಅದು ಐದನೇ ಮಹಡಿಗೆ ಹತ್ತಿಬಿಡ್ತು. ಯಾಕೆ ಅಂದ್ರೆ…”

ಗಂಟೆ ಹೊಡೆಯಿತು.

“ಯಾಕೆ?”

“ಆಮೇಲೆ,” ಅಂದಳು ಹುಡುಗಿ.

ದೀಪದ ಕೆಳಗೆ ಬಾಯಿ ತೆರೆದು ಮಲಗಿದ ಆತನಿಗೆ ಸೂಜಿ ಕಂಡಿತು, ಇಕ್ಕಳ ಕಂಡಿತು, ಕೈಗಳು ಕುರ್ಚಿಯ ತೋಳನ್ನು ಬಿಗಿಹಿಡಿದವು. ಹಾಗಿದ್ದೂ ಭಯದ ಒಂದು ಸಂದಿಯಲ್ಲಿ ಆ ಕುದುರೆ ನಿಂತಿತ್ತು. ಯಾಕೆ ಹತ್ತಿತು? ಮೇಲೆ ಯಾರಿದ್ದಾರೆ? ಇಳಿಯುವುದು ಹೇಗೆ? ಇಷ್ಟು ವರ್ಷ ತಾನು ಮಕ್ಕಳ ಕೈಗೆ ಏನು ಕೊಟ್ಟು ಒಳಗೆ ಕಳಿಸುತ್ತಿದ್ದೆ ಎಂಬುದು ಆತನಿಗೆ ಆಗ ತಿಳಿಯಿತು.

ಹುಡುಗಿಯ ಸರದಿಯೂ ಕ್ಷೇಮವಾಗಿ ಮುಗಿಯಿತು. ಆದರೆ ಅವಳ ಬಾಯಿ ಮರಗಟ್ಟಿ ಮಾತು ಹೊರಡಲಿಲ್ಲ. ತಾಯಿ ಎತ್ತಿಕೊಂಡು ಹೋದಳು, ಮುಂದಿನ ಮಂಗಳವಾರ ಬರಬೇಕೆಂದು ಚೀಟಿ. ಆ ಒಂದು ವಾರ ಆಮೇಲೆ ಮಾಮ ಪಟ್ಟ ಪಾಡು ಯಾರಿಗೂ ಬೇಡ. ಊಟ ಸೇರಲಿಲ್ಲ. ಕುದುರೆ ಯಾಕೆ ಹತ್ತಿತು ಎಂದು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಉತ್ತರ ಹೊಳೆದು, ಮರೆತೇನೆಂಬ ಗಾಬರಿಯಲ್ಲಿ ಬಿಲ್ಲೆಗಳ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟ. ಆತ ಬದುಕಿನಲ್ಲಿ ಕತೆಯೆಂದು ಕಾಗದಕ್ಕಿಳಿಸಿದ ಮೊದಲ ಸಾಲುಗಳು ಅವು. ಸೋಮವಾರದ ಹೊತ್ತಿಗೆ ಹನ್ನೊಂದು ಉತ್ತರಗಳಾಗಿದ್ದವು. ಮುಂದೆ ಅವೇ ಆತನ ಮೊದಲ ಪುಸ್ತಕವಾದವು.

ಮಂಗಳವಾರ ಹುಡುಗಿ ಬಂದಳು. ಕೆನ್ನೆ ಇಳಿದಿತ್ತು, ಎರಡೂ ಕಣ್ಣು ಹೊಳೆಯುತ್ತಿದ್ದವು. ಆತ ಮೇಜು ಬಿಟ್ಟು ಎದ್ದು ಬಂದು ಅವಳೆದುರು ಮಂಡಿಯೂರಿ ಕೇಳಿದ: “ಪುಟ್ಟಿ, ಆ ಕುದುರೆ ಯಾಕೆ ಹತ್ತಿತ್ತು?”

“ಯಾವ ಕುದುರೆ?” ಅಂದಳು ಅವಳು.

ಮಕ್ಕಳಿಗಾಗಿ ಬರೆಯುವವರು ಮನಸ್ಸಿನಲ್ಲಿ ಮಕ್ಕಳಾಗಿಯೇ ಉಳಿದವರು ಎಂದು ಸಭೆಗಳಲ್ಲಿ ಹೊಗಳುವುದುಂಟು. ಈತನನ್ನು ಬಲ್ಲವರು ಆ ಮಾತನ್ನು ಒಪ್ಪುವುದು ಕಷ್ಟ. ಮಕ್ಕಳು ಭಯವನ್ನು ದಾಟಿಬಿಡುತ್ತಾರೆ. ದಾಟಿದ ಮರುಗಳಿಗೆ, ದಾಟಿಸಿದ ಕತೆಯನ್ನು ಅಲ್ಲೇ ಬಿಸುಟು, ಹಿಂತಿರುಗಿಯೂ ನೋಡದೆ ಆಡಲು ಓಡುತ್ತಾರೆ, ಓಡಬೇಕು ಕೂಡ. ಹಾಗೆ ಬಿದ್ದ ಕತೆಯನ್ನು ಎತ್ತಿಕೊಂಡು, ಮುಂದಿನ ಮಗು ಬರುವಷ್ಟರಲ್ಲಿ ಅದು ಗಟ್ಟಿಯಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುವವರು ಇನ್ನೂ ದಾಟದವರು.