ಯಂತ್ರಕ್ಕೆ ಕೇಳದ ಅಳು

ರಾಜಧಾನಿಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ವಿಜ್ಞಾನಿಗಳಿಗೆಂದೇ ಕಟ್ಟಿದ ಊರಂತೆ. ಊರೋ ಸ್ಮಶಾನವೋ ಅನ್ನುವಷ್ಟು ಮೌನ. ಹಾರ್ನ್ ಇಲ್ಲ, ನಾಯಿ ಇಲ್ಲ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅರ್ಧ ಆಯಸ್ಸು ಬಸ್ ಕಂಡಕ್ಟರಾಗಿ ಕೂಗಿಕೊಂಡೇ ಬದುಕಿದ ಅಜ್ಜಿಗೆ ಇಳಿದ ಕೂಡಲೇ ಮೈ ಪರಚಿಕೊಳ್ಳುವಂತಾಯಿತು. ಆದರೆ ಬಂದ ಕೆಲಸ ಆಗಬೇಕಲ್ಲ. ಮೊಮ್ಮಗಳನ್ನು ತನ್ನ ಮನೆಗೆ ಎತ್ತಿಕೊಂಡು ಹೋಗಲು ಬಂದಿದ್ದಳು.

ಮಗಳು ಇಲ್ಲಿ ದೂರದರ್ಶಕದ ಗಾಜು ಉಜ್ಜಿ ಹೊಳಪು ಕೊಡುವ ವಿಭಾಗದಲ್ಲಿದ್ದಳು. ಅವಳ ಕ್ವಾರ್ಟರ್ಸಿನ ಬೆನ್ನಿಗೇ ಭೂಮಿಯ ನಡುಕ ಅಳೆಯುವ ಯಂತ್ರದ ಕಟ್ಟಡ. ಏಳು ತಿಂಗಳ ಕೂಸು ಅತ್ತರೆ ಯಂತ್ರದ ಲೆಕ್ಕ ಕೆಡುತ್ತದೆ, ಬುದ್ಧಿ ಬರುವವರೆಗೆ ಎಲ್ಲಾದರೂ ಕಳಿಸಿಬಿಡಿ ಎಂದು ಅಲ್ಲಿನ ಮುಖ್ಯಸ್ಥರು ಮನೆಗೇ ಬಂದು ಹೇಳಿದ್ದರು. ಭಾರೀ ಮರ್ಯಾದಸ್ಥರು, ನಗುನಗುತ್ತಲೇ ಹೇಳಿದ್ದರು. ಅಳಿಯ ಹಡಗಿನ ಮೇಲೆ, ಮಗಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಎದೆ ಕಲ್ಲು ಮಾಡಿಕೊಂಡು ಒಪ್ಪಿದ್ದಳು.

ಅಜ್ಜಿ ಒಳಗೆ ಕಾಲಿಟ್ಟಾಗ ಮಗಳು ಪುಟ್ಟ ಪುಟ್ಟ ಅಂಗಿಗಳನ್ನು ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು. ಹಾಕಿದ್ದನ್ನು ತೆಗೆಯುವುದು, ಮತ್ತೆ ಮಡಚುವುದು. ನೋಡುತ್ತ ನಿಂತ ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ನನ್ನ ಮೊಮ್ಮಗಳಿಗಿಂತ ಹೆಚ್ಚಿನ ಆ ಯಂತ್ರ ಮಹಾರಾಯನ ಮುಖ ಒಂದು ಸಲ ನೋಡದೆ ಈ ಮನೆ ಬಿಟ್ಟು ಕದಲುವುದಿಲ್ಲ ಎಂದು ಪಟ್ಟು ಹಿಡಿದಳು.

ಮುಖ್ಯಸ್ಥರು ಖುಷಿಯಾಗಿಯೇ ಕರೆದುಕೊಂಡು ಹೋದರು. ತಮ್ಮ ಯಂತ್ರ ಅಂದರೆ ಅಷ್ಟು ಹೆಮ್ಮೆ. ಎಲ್ಲರೂ ಚಪ್ಪಲಿ ಬಿಚ್ಚಿ, ಮಗಳ ಹೆಗಲ ಮೇಲೆ ಮಲಗಿದ್ದ ಕೂಸಿನ ಸಮೇತ, ಬೆಕ್ಕಿನ ಹಾಗೆ ಒಳಗೆ ಹೋದರು. ಪರದೆಯ ಮೇಲೆ ಹಸಿರು ಗೆರೆಯೊಂದು ನೆಟ್ಟಗೆ ಹರಿಯುತ್ತಿತ್ತು. ಎಲ್ಲಿ ಸಣ್ಣ ನಡುಕವಾದರೂ ಈ ಗೆರೆ ಕುಣಿಯುತ್ತದೆ ಎಂದು ಅವರು ಪಿಸುಗುಟ್ಟಿದರು. ಕೂಸು ಕಣ್ಣು ಬಿಟ್ಟು ಅವರನ್ನೇ ನೋಡಿತು, ತುಟಿ ಸೊಟ್ಟ ಮಾಡಿತು, ಗಂಟಲು ಹರಿಯುವಂತೆ ಶುರುಹಚ್ಚಿಕೊಂಡಿತು.

ಗೆರೆ ಮಾತ್ರ ಅಲುಗಲಿಲ್ಲ.

ಮುಖ್ಯಸ್ಥರು ಪರದೆ ತಟ್ಟಿ ನೋಡಿದರು. ಕೂಸು ಇನ್ನೊಂದು ಸುತ್ತು ಏರಿಸಿತು. ಗೆರೆ ನೆಟ್ಟಗೇ ಇತ್ತು. ಗಾಬರಿಯಾಗಿ ಅವರು ಆಚೆ ಪರದೆಯ ಕಡೆಗೆ ದಬದಬ ಓಡಿದರು ನೋಡಿ, ಆಗ ಕುಣಿಯಿತು. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡಳು.

ಮಗಳು ನಗಲಿಲ್ಲ. ಮಗುವಿನ ಅಳುವನ್ನು ಯಾವತ್ತಾದರೂ ಪರೀಕ್ಷೆ ಮಾಡಿ ನೋಡಿದ್ದರೇ ಎಂದು ಕೇಳಿದಳು. ಅವರು ತಡವರಿಸಿದರು. ಪರೀಕ್ಷೆ ಅಂತ ಮಾಡಿಲ್ಲ, ಮೊದಲಿನಿಂದಲೂ ಹಾಗೇ ನಡೆದುಕೊಂಡು ಬಂದಿದೆ, ಅಲ್ಲದೆ ಇಲ್ಲಿಯವರಿಗೆ ಮೌನ ಬೇಕು ಎಂದರು. ಕೆಲಸ ಕಾಯಂ ಆಗುವ ಹೊತ್ತು, ಸ್ವಲ್ಪ ಯೋಚಿಸಮ್ಮ ಎಂದೂ ಸೇರಿಸಿದರು. ಇಷ್ಟು ಓದಿದವರ ಊರಿನಲ್ಲಿ ಒಬ್ಬರಿಗೂ ಒಂದು ಕೂಸನ್ನು ತಂದು ಅಳಿಸಿ ನೋಡೋಣ ಅನ್ನಿಸಿರಲಿಲ್ಲವಲ್ಲ!

"ಯೋಚಿಸಿದ್ದಾಯ್ತು ಸರ್," ಎಂದಳು ಮಗಳು. "ಮಗು ನನ್ನ ಹತ್ರಾನೇ ಇರುತ್ತೆ. ನಾಳೆ ಕೆಲಸಕ್ಕೂ ಬರ್ತೀನಿ. ತೆಗೀಬೇಕು ಅನ್ನಿಸಿದ್ರೆ ತೆಗೀರಿ, ಆದ್ರೆ ಯಂತ್ರದ ಹೆಸರು ಹೇಳ್ಬೇಡಿ."

ಮಗಳ ಗಂಟಲಲ್ಲಿ ಇಂಥ ಮಾತಿದೆ ಎಂದು ಅಜ್ಜಿಗೂ ಗೊತ್ತಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತು. ಮನೆಗೆ ಬಂದವಳೇ ಬ್ಯಾಗಿನಲ್ಲಿದ್ದ ಅಂಗಿಗಳನ್ನೆಲ್ಲ ತೆಗೆದು ಕಪಾಟಿಗೆ ತುಂಬಿದಳು. ಮಗಳು ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳಲು ತಾನೇ ಇಲ್ಲಿ ಉಳಿಯುತ್ತೇನೆ, ಯಾರು ಎಬ್ಬಿಸುತ್ತಾರೋ ನೋಡೋಣ ಎಂದಳು.

ಸಂಜೆ ಎದುರು ಮನೆಯ ಹೆಂಗಸು ಗೇಟಿನ ಹತ್ತಿರ ಬಂದು ನಿಂತಳು. ರಸಾಯನ ವಿಭಾಗದವಳು. ಯಂತ್ರಕ್ಕೆ ಏನೂ ಆಗಲಿಲ್ಲವಂತೆ, ಹೌದಾ ಎಂದು ಮೆಲ್ಲಗೆ ಕೇಳಿದಳು. ಹೌದೆಂದಳು ಮಗಳು. ಅವಳೂ ಹೀಗೇ ಮಗನನ್ನು ತಾಯಿಯ ಮನೆಗೆ ಕಳಿಸಿದ್ದಳಂತೆ. ಈಗ ನಾಲ್ಕು ವರ್ಷದವನು. ಹೋದಾಗಲೆಲ್ಲ ತನ್ನ ಅಜ್ಜಿಯ ಹಿಂದೆ ಅವಿತುಕೊಂಡು ಇವಳನ್ನು ಆಂಟಿ ಎನ್ನುತ್ತಾನಂತೆ.

ಅಷ್ಟು ಹೇಳಿ ಅವಳು ಬೀದಿಯ ನಡುವೆಯೇ ಫೋನು ತೆಗೆದಳು. ಈ ಸಲ ದನಿ ತಗ್ಗಿಸಲಿಲ್ಲ.

"ಅಮ್ಮ, ನನ್ನ ಮಗನ ಬಟ್ಟೆ ಕಟ್ಟಿಡು. ನಾಳೆ ಬಂದು ಕರ್ಕೊಂಡು ಹೋಗ್ತೀನಿ. ನನ್ನ ಜೊತೆ ಬರಲ್ಲ ಅಂತ ಅತ್ತರೆ ಅಳಲಿ. ಇಲ್ಲೇ ಬಂದು ಅಳಲಿ."